ಗಾಳಿ ಕರೆಂಟಿನ ಷೇರಿಗೆ ಬೆಲೆ ಕಟ್ಟಿದ್ದು

ಆಡಿಟ್ ಸೀಸನ್ನಿನಲ್ಲಿ ನಮ್ಮ ಆಫೀಸಿನವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಹಲಸೂರು ಮಾರ್ಕೆಟ್ಟಿನ ಹಿಂದೆ, ಜೋಗುಪಾಳ್ಯದ ಕಡೆ ಹೋಗುವ ಗಲ್ಲಿಯಲ್ಲಿ, ಪಾತ್ರೆ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಆಫೀಸು. ಕೆಳಗೆ ಪಾತ್ರೆಗಳ ಮೇಲೆ ಹೆಸರು ಕೊರೆಯುವ ಮಿಷನ್ ಬೆಳಗಿನಿಂದ ಸಂಜೆಯವರೆಗೆ ಕೊರೆಯುತ್ತಲೇ ಇರುತ್ತದೆ. ಅದು ಪಾತ್ರೆಯನ್ನು ಕೊರೆಯುತ್ತಿದೆಯೋ ನನ್ನ ತಲೆಯನ್ನೋ ಎಂದು ಅನುಮಾನ ಬರುವಷ್ಟು ಆ ತಿಂಗಳು ನಾನು ಸುಸ್ತಾಗಿದ್ದೆ. ಕುತ್ತಿಗೆಗೆ ಪಟ್ಟಿ ಕಟ್ಟಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ಪಟ್ಟಿ ಕಟ್ಟಿಕೊಂಡರೆ ಮೇಜಿನ ಮೇಲಿನ ಹಾಳೆ ಕಾಣುವುದಿಲ್ಲ, ಬಿಚ್ಚಿದರೆ ನೋವು. ಅಂಥ ಹೊತ್ತಿನಲ್ಲಿ ನಮ್ಮ ಆಡಿಟರ್ ಒಂದು ಫೈಲು ತಂದು ನನ್ನ ಮುಂದೆ ಇಟ್ಟರು.

"ಇದೊಂದು ಸಣ್ಣ ಕೆಲ್ಸಮ್ಮ. ಎರಡು ಪೇಜು ರಿಪೋರ್ಟು, ಅಷ್ಟೇ."

ಅವರು ಸಣ್ಣ ಕೆಲಸ ಎಂದಾಗಲೆಲ್ಲ ನನ್ನ ಭಾನುವಾರಗಳು ಹೋಗಿವೆ. ಆದರೂ ಫೈಲು ತೆರೆದೆ.

ಬೈಯಪ್ಪನಹಳ್ಳಿಯ ಹಳೆಯ ಊರಿನ ಒಂದು ಕುಟುಂಬ. ಒಂದು ಕಾಲಕ್ಕೆ ಹೊಲ, ತೋಟ ಇದ್ದವರು. ಜಮೀನು ಒಂದೊಂದೇ ಹೋಗಿ ಕೊನೆಗೆ ಎರಡು ಆಸ್ತಿ ಉಳಿದಿದ್ದವು. ಒಂದು, ಸಾಲಾಗಿ ಬಾಡಿಗೆ ರೂಮುಗಳಿರುವ ಮೂರಂತಸ್ತಿನ ಕಟ್ಟಡ. ಇನ್ನೊಂದು, ಗಾಳಿಯಿಂದ ಕರೆಂಟು ತಯಾರಿಸುವ ಒಂದು ಸಣ್ಣ ಕಂಪನಿಯ ನಲವತ್ತು ಸಾವಿರ ಷೇರು. ರಸ್ತೆಗೆ ಹೋದ ಜಾಗದ ಪರಿಹಾರ ಬಂದಾಗ ತಂದೆ ಇವನ್ನು ಕೊಂಡಿದ್ದರು. ಆ ತಂದೆ ಹಿಂದಿನ ವರ್ಷ ತೀರಿಕೊಂಡಿದ್ದರು. ವಿಲ್ ಬರೆದಿರಲಿಲ್ಲ. ಮಕ್ಕಳಿಬ್ಬರು, ಅಣ್ಣ ಮತ್ತು ತಂಗಿ. ಕಟ್ಟಡ ಅಣ್ಣನಿಗೆ, ಷೇರು ತಂಗಿಗೆ ಎಂದು ಪಾಲುಪಟ್ಟಿ ಬರೆಸುವುದು ಅಣ್ಣನ ಯೋಚನೆ. ಎರಡೂ ಸಮ ಬೆಲೆಯವು ಎಂದು ಒಂದು ವರದಿ ಬೇಕಿತ್ತು. ಕಟ್ಟಡದ ಬೆಲೆ ಊರಿಗೆಲ್ಲ ಗೊತ್ತು. ಷೇರಿನ ಬೆಲೆ ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಆ ಕಂಪನಿ ಷೇರುಪೇಟೆಯಲ್ಲಿ ಇಲ್ಲ. ಅದರ ಬೆಲೆ ಕಟ್ಟುವುದೇ ನನ್ನ ಸಣ್ಣ ಕೆಲಸ.

ಅಣ್ಣ ಮೊದಲ ದಿನವೇ ಬಂದು ನನ್ನೆದುರು ಕೂತರು. ಐವತ್ತರ ಆಸುಪಾಸು. ಬಿಳಿ ಅಂಗಿ, ಜೇಬಿನಲ್ಲಿ ಎರಡು ಫೋನು. ಒಳ್ಳೆಯ ಮಾತುಗಾರ.

"ನೋಡಿ ಮೇಡಂ, ನಾನು ಓದಿದ್ದು ಕಮ್ಮಿ, ಆದ್ರೆ ಲೆಕ್ಕ ಗೊತ್ತು. ಬಿಲ್ಡಿಂಗ್‌ಗೆ ವರ್ಷಕ್ಕೆ ಹನ್ನೆರಡು ಲಕ್ಷ ಬಾಡಿಗೆ ಬರುತ್ತೆ. ನಮ್ಮ ಏರಿಯಾದಲ್ಲಿ ಇಪ್ಪತ್ತು ವರ್ಷದ ಬಾಡಿಗೆ ಎಷ್ಟಾಗುತ್ತೋ ಅಷ್ಟಕ್ಕೆ ಬಿಲ್ಡಿಂಗು ಕೈ ಬದಲಾಗುತ್ತೆ. ಎರಡು ಕೋಟಿ ನಲವತ್ತು. ಸರೀನಾ?"

"ಸರಿ."

"ಷೇರಿಗೂ ಹಂಗೇ ಏನೋ ಇದ್ಯಂತಲ್ಲ, ಪಿ.ಇ. ಅಂತ?"

ಇದೆ. ಹೇಳಿಕೊಡಲು ಅದಕ್ಕಿಂತ ಒಳ್ಳೆಯ ದಾರಿ ನನಗೂ ಗೊತ್ತಿರಲಿಲ್ಲ. ಒಂದು ಷೇರಿನ ಪಾಲಿಗೆ ವರ್ಷಕ್ಕೆ ಎಷ್ಟು ಲಾಭ ಬರುತ್ತದೆ, ಅದರ ಎಷ್ಟು ಪಟ್ಟು ಕೊಟ್ಟು ಜನ ಆ ಷೇರು ಕೊಳ್ಳುತ್ತಾರೆ ಎನ್ನುವುದೇ ಪಿ.ಇ. ಲಾಭವನ್ನು ಬಾಡಿಗೆ ಎಂದುಕೊಂಡರೆ, ಎಷ್ಟು ವರ್ಷದ ಬಾಡಿಗೆಗೆ ಮನೆ ಸಿಗುತ್ತಿದೆ ಎಂಬ ಲೆಕ್ಕ. ಪೇಟೆಯಲ್ಲಿಲ್ಲದ ಕಂಪನಿಯಾದರೆ, ಅದೇ ದಂಧೆಯ ಪೇಟೆಯಲ್ಲಿರುವ ಕಂಪನಿಗಳ ಪಿ.ಇ. ನೋಡಿ, ಅದನ್ನು ಇದಕ್ಕೆ ಹಚ್ಚುತ್ತೇವೆ.

"ಅಷ್ಟೇ ತಾನೇ! ಹೋದ ವರ್ಷ ಷೇರಿಗೆ ಮೂವತ್ತು ರೂಪಾಯಿ ಲಾಭ. ಇಂಟು ನಲವತ್ತು ಸಾವಿರ. ಹನ್ನೆರಡು ಲಕ್ಷ. ಅಲ್ಲೂ ಹನ್ನೆರಡು, ಇಲ್ಲೂ ಹನ್ನೆರಡು. ನಮ್ಮಪ್ಪ ನೋಡಿ ಹೆಂಗೆ ತೂಗಿಸಿ ಇಟ್ಟು ಹೋಗಿದ್ದಾರೆ!"

ಅವರ ಮುಖದಲ್ಲಿ ನಿಜವಾದ ಹೆಮ್ಮೆ ಇತ್ತು. ಈ ಮನುಷ್ಯ ತಂಗಿಯ ಕಣ್ಣಿಗೆ ಮಣ್ಣೆರಚಲು ಬಂದಿದ್ದಾರೆ ಎಂದು ನನಗೆ ಆಗಲೂ ಅನ್ನಿಸಲಿಲ್ಲ, ಈಗಲೂ ಅನ್ನಿಸುವುದಿಲ್ಲ. ಅಪ್ಪ ಕೊಂಡ ಷೇರು ಚಿನ್ನ ಎಂದು ಅವರು ನಂಬಿದ್ದರು. ಆ ಚಿನ್ನ ತಂಗಿಗಿರಲಿ, ಕಟ್ಟಡ ತನಗಿರಲಿ ಎಂಬ ನಂಬಿಕೆ ಅವರಿಗೆ ಅನುಕೂಲವೂ ಆಗಿತ್ತು, ಅಷ್ಟೇ.

ಮರುದಿನ ಕರೆಂಟು ತಯಾರಿಸುವ ಕಂಪನಿಗಳ ಪಟ್ಟಿ ಹಿಡಿದು ಕೂತೆ. ಒಂದು ನಷ್ಟದಲ್ಲಿತ್ತು, ನಷ್ಟಕ್ಕೆ ಪಿ.ಇ. ಕಟ್ಟುವಂತಿಲ್ಲ, ತೆಗೆದೆ. ಇನ್ನೊಂದರ ಪಿ.ಇ. ಆಕಾಶದಲ್ಲಿತ್ತು, ಅದನ್ನೂ ತೆಗೆದೆ. ಉಳಿದವುಗಳ ನಡುವಿನ ಸಂಖ್ಯೆ ಹೆಚ್ಚುಕಡಿಮೆ ಇಪ್ಪತ್ತು. ಮೂವತ್ತು ಇಂಟು ಇಪ್ಪತ್ತು, ಷೇರಿಗೆ ಆರುನೂರು ರೂಪಾಯಿ. ನಲವತ್ತು ಸಾವಿರ ಷೇರಿಗೆ ಎರಡು ಕೋಟಿ ನಲವತ್ತು ಲಕ್ಷ. ಕಟ್ಟಡಕ್ಕೂ ಷೇರಿಗೂ ಒಂದು ರೂಪಾಯಿ ವ್ಯತ್ಯಾಸವಿಲ್ಲ. ಆಡಿಟರ್ ಕರಡು ನೋಡಿ, "ನೋಡ್ದಾ, ಸಣ್ಣ ಕೆಲ್ಸ ಅಂದ್ನಲ್ಲ" ಎಂದು ಕನ್ನಡಕ ಒರೆಸಿಕೊಂಡು, ಇಪ್ಪತ್ತು ಪಟ್ಟು ಎಂದು ಅಣ್ಣನಿಗೆ ಫೋನಿನಲ್ಲಿ ಹೇಳಿಯೂಬಿಟ್ಟರು.

ಇಷ್ಟು ಸಲೀಸಾಗಿ ಕೂಡುವ ಲೆಕ್ಕ ಕಂಡರೆ ನಾನು ಮತ್ತೆ ಮೊದಲ ಹಾಳೆಗೆ ಹೋಗುತ್ತೇನೆ. ಕೆಲಸ ಮುಗಿಯಿತು ಎಂದು ಖುಷಿಪಡಲಾಗದ ಈ ಸ್ವಭಾವಕ್ಕೆ ನಾನೇ ಬೈದುಕೊಂಡಿದ್ದೇನೆ. ಅಣ್ಣ ಕೊಟ್ಟಿದ್ದು ಕಂಪನಿಯ ವಾರ್ಷಿಕ ವರದಿಯಲ್ಲ, ಅದರಿಂದ ಜೆರಾಕ್ಸ್ ಮಾಡಿಸಿದ ನಾಲ್ಕು ಹಾಳೆ. ಅದರಲ್ಲಿ ಎರಡು ಸಾಲು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಹಿಂದಿನ ವರ್ಷಕ್ಕಿಂತ ಕಡಿಮೆ ಯೂನಿಟ್ ಕರೆಂಟು ತಯಾರಾಗಿತ್ತು. ಲಾಭ ಮಾತ್ರ ಜಾಸ್ತಿಯಾಗಿತ್ತು. ಗಾಳಿ ಕಡಿಮೆ ಬೀಸಿ ಲಾಭ ಹೆಚ್ಚಾಗುವುದು ಹೇಗೆ? ಯೂನಿಟ್ಟಿನ ದರವಂತೂ ಕರಾರಿನಲ್ಲಿ ಬಿಗಿಯಾಗಿರುತ್ತದೆ.

"ಬಿಡಮ್ಮ, ಆಡಿಟ್ ಆಗಿರೋ ಲೆಕ್ಕ ಅದು," ಎಂದರು ಆಡಿಟರ್. "ಅದನ್ನ ಕೆದಕೋಕೆ ನಮಗೆ ದುಡ್ಡು ಕೊಟ್ಟಿಲ್ಲ."

ಕಟ್ಟಡದ ಬಾಡಿಗೆ ನಿಜವೇ ಎಂದು ನೋಡುವುದು ಮಾತ್ರ ನಮ್ಮ ಕೆಲಸವೇ ಆಗಿತ್ತು. ಒಂದು ಬೆಳಿಗ್ಗೆ ಕೆ.ಆರ್. ಪುರದ ಮನೆಯಿಂದ ಮೆಟ್ರೊ ಹತ್ತಿದವಳು ಹಲಸೂರಿಗೆ ಹೋಗದೆ ಬೈಯಪ್ಪನಹಳ್ಳಿಯಲ್ಲೇ ಇಳಿದೆ. ಹಳೆ ಊರಿನ ಸಂದಿಯೊಳಗೆ ಎರಡು ಸಲ ದಾರಿ ತಪ್ಪಿ ಕಟ್ಟಡ ಸಿಕ್ಕಿತು. ಮೇಲಿನ ರೂಮುಗಳ ಹೆಂಗಸರೆಲ್ಲ ಯಾದಗಿರಿ, ಕಲಬುರಗಿ ಕಡೆಯವರು. ನಾನೂ ರಾಯಚೂರಿನವಳು ಎಂದು ಗೊತ್ತಾದದ್ದೇ ತಡ, "ಬರ್ರಿ ಅಕ್ಕಾರ, ಒಳಗ ಬರ್ರಿ" ಎಂದು ಶುರುಮಾಡಿದರು. ಬಾಡಿಗೆ ಎಷ್ಟು ಕೊಡುತ್ತೀರಿ ಎಂದು ಕೇಳುವ ಕೆಲಸ ಅಷ್ಟು ಸುಲಭವಾಗಿ ನನಗೆ ಬೇರೆಲ್ಲೂ ಆಗಿಲ್ಲ. ಅಣ್ಣ ಹೇಳಿದ್ದು ಸರಿಯಾಗಿತ್ತು.

ನೆಲಮಹಡಿಯ ಮನೆಯಲ್ಲಿ ತಂಗಿ ಇದ್ದರು. ನಲವತ್ತೈದು ದಾಟಿದ, ಮೆತ್ತಗೆ ಮಾತಾಡುವ ಹೆಂಗಸು. ಮದುವೆಯಾಗಿ ಹೋದವರು ಕೆಲವು ವರ್ಷಗಳಲ್ಲೇ ತವರಿಗೆ ವಾಪಸ್ಸು ಬಂದು ತಂದೆಯನ್ನು ನೋಡಿಕೊಂಡಿದ್ದರು. ತಂದೆ ಮಲಗಿದಲ್ಲೇ ಆದ ವರ್ಷಗಳಲ್ಲಿ ಎತ್ತಿ ಕೂರಿಸಿದ್ದು, ಮಲಗಿಸಿದ್ದು ಇವರೇ. ಅಣ್ಣನ ಸಂಸಾರ ಇರುವುದು ಇಂದಿರಾನಗರದ ಆಚೆ. ಕಾಫಿ ಕೊಟ್ಟು ಎದುರಿಗೆ ಕೂತು ಆಕೆ ಒಂದೇ ಪ್ರಶ್ನೆ ಕೇಳಿದರು.

"ಮೇಡಂ, ಷೇರು ನನ್ ಹೆಸ್ರಿಗೆ ಬಂದ್ಮೇಲೆ, ನನ್ ಕೈಗೆ ತಿಂಗ್ಳಿಗೆ ಎಷ್ಟು ಬರುತ್ತೆ?"

ಆ ಷೇರಿನ ಮೇಲೆ ಕಂಪನಿ ಹಂಚುತ್ತಿದ್ದ ಡಿವಿಡೆಂಡ್ ವರ್ಷಕ್ಕೆ ಎಂಟು ರೂಪಾಯಿ. ಮೂವತ್ತು ರೂಪಾಯಿ ಲಾಭ ಎನ್ನುವುದು ಕಂಪನಿಯ ಲಾಭ, ಷೇರುದಾರರ ಕೈಗೆ ಬರುವ ಕಾಸಲ್ಲ. ತಿಂಗಳಿಗೆ ಇಪ್ಪತ್ತಾರು ಇಪ್ಪತ್ತೇಳು ಸಾವಿರ ಎಂದೆ.

"ಅದು ಯಾವಾಗ್ಲೂ ಬರುತ್ತಾ?"

ನೋಡಿ ಹೇಳುತ್ತೇನೆ ಎಂದೆ.

"ದೀಪಾವಳಿ ಆದ್ಮೇಲೆ ಮನೆ ಖಾಲಿ ಮಾಡು ಅಂದಿದ್ದಾನೆ ಅಣ್ಣ. ಇದನ್ನ ಒಡೆದು ಪಿ.ಜಿ. ಹಾಸ್ಟೆಲ್ಲು ಕಟ್ತಾನಂತೆ. ನಾನು ಎಲ್ಲಾದ್ರೂ ಬಾಡಿಗೆಗೆ ಹೋಗ್ಬೇಕಲ್ಲ, ಅದಕ್ಕೆ ಕೇಳ್ದೆ. ಅವನೇನೂ ಕೆಟ್ಟವ್ನಲ್ಲ ಮೇಡಂ. ಎರಡೂ ಸಮ ಇದೆ ಅಂತ ನೀವೇ ಬರ್ದು ಕೊಡ್ತೀರಂತೆ. ನೀವು ಬರ್ದಿದ್ರೆ ಸರಿ, ನಾನು ಸೈನ್ ಹಾಕ್ತೀನಿ."

ಕಾಫಿ ಲೋಟ ಕೆಳಗಿಟ್ಟೆ. ನಾನು ಬರೆದಿದ್ದರೆ ಸರಿಯಂತೆ! ನಾನು ಬರೆದದ್ದು ನಾಲ್ಕು ಜೆರಾಕ್ಸ್ ಹಾಳೆ ನೋಡಿ. ಆ ಮನೆಯಿಂದ ಹೊರಬಿದ್ದಾಗ ನನಗೆ ಆಯಾಸದ ಜೊತೆ ಸಿಟ್ಟೂ ಸೇರಿಕೊಂಡಿತ್ತು. ಸಿಟ್ಟು ಯಾರ ಮೇಲೆ ಎಂದು ಸರಿಯಾಗಿ ಗೊತ್ತಾಗಲಿಲ್ಲ.

ಆಫೀಸಿಗೆ ಬಂದು ಗಾಳಿ ಕಂಪನಿಗೆ ಫೋನು ಹಚ್ಚಿದೆ. ಪೂರ್ತಿ ವಾರ್ಷಿಕ ವರದಿ ಕಳಿಸಿ ಎಂದರೆ, ಷೇರುದಾರರಿಗೆ ಮಾತ್ರ ಎಂದರು. ಷೇರುದಾರರು ತೀರಿಕೊಂಡಿದ್ದಾರೆ ಎಂದರೆ, ಹಾಗಾದರೆ ವಾರಸುದಾರರ ಪತ್ರ ತನ್ನಿ ಎಂದರು. ತಂಗಿಯಿಂದ ಪತ್ರ ಬರೆಸಿಕೊಂಡು ಶಿವಾಜಿನಗರಕ್ಕೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರದ ಹಳೆಯ ಕಟ್ಟಡದಲ್ಲಿ, ಲಿಫ್ಟ್ ಕೆಟ್ಟ ನಾಲ್ಕನೇ ಮಹಡಿಯಲ್ಲಿ ಕಂಪನಿಯ ಆಫೀಸು. ಅಕೌಂಟ್ಸ್ ಮ್ಯಾನೇಜರ್ ಮೀಟಿಂಗಿನಲ್ಲಿದ್ದಾರೆ ಎಂದು ಕೂರಿಸಿದರು. ಆಮೇಲೆ ಊಟಕ್ಕೆ ಹೋಗಿದ್ದಾರೆ ಎಂದರು. ಕುತ್ತಿಗೆಯನ್ನು ಗೋಡೆಗೆ ಒರಗಿಸಿಕೊಂಡು ಕೂತೇ ಇದ್ದೆ. ಮೊದಲ ದಿನ ಸಿಗಲೇ ಇಲ್ಲ. ಎರಡನೇ ಸಲ ಹೋದಾಗ ಸಿಕ್ಕರು. ಕಂಟೋನ್ಮೆಂಟಿನಲ್ಲೇ ಹುಟ್ಟಿ ಬೆಳೆದ ತಮಿಳು ಮನುಷ್ಯ, ನಿವೃತ್ತಿಯ ಅಂಚಿನಲ್ಲಿದ್ದರು. ನನಗಿಂತ ಸುಸ್ತಾಗಿ ಕಂಡರು.

"ಸಾರ್, ಯೂನಿಟ್ಟು ಕಮ್ಮಿಯಾಗಿದೆ, ಲಾಭ ಜಾಸ್ತಿಯಾಗಿದೆ. ಹೇಗೆ?"

"ಅದಾ? ಲೇಟ್ ಪೇಮೆಂಟ್ ಇಂಟ್ರೆಸ್ಟ್ ಮೇಡಂ," ಎಂದರು ಸಲೀಸಾಗಿ. "ನಾವು ಕರೆಂಟು ಕೊಡ್ತೀವಿ, ತಗೊಳ್ಳೋರು ಬಿಲ್ಲು ಲೇಟಾಗಿ ಕಟ್ತಾರೆ. ಕೇಸ್ ಹಾಕಿದ್ವಿ. ಹಳೇ ವರ್ಷಗಳ ಬಡ್ಡಿ ಎಲ್ಲಾ ಸೇರಿ ಹೋದ ವರ್ಷ ಒಂದೇ ಸಲ ಬಂತು."

"ಅದು ತೆಗೆದ್ರೆ ಷೇರಿಗೆ ಎಷ್ಟು?"

"ಹದಿನೆಂಟು. ಅಷ್ಟೇ ಯಾವಾಗ್ಲೂ. ಗಾಳಿ ಚೆನ್ನಾಗಿದ್ರೆ ಹತ್ತೊಂಬತ್ತು."

ನೀರು ಕೇಳಿ ಕುಡಿದೆ. ಆಮೇಲೆ ತಂಗಿಯ ಪ್ರಶ್ನೆಯನ್ನೇ ಅವರ ಮುಂದಿಟ್ಟೆ. "ಈ ಹದಿನೆಂಟು ಯಾವಾಗ್ಲೂ ಬರುತ್ತಾ ಸಾರ್?"

ಅವರು ನಕ್ಕರು. ಕೆಟ್ಟ ನಗುವಲ್ಲ, ಇಷ್ಟು ವರ್ಷಕ್ಕೆ ಯಾರೋ ಒಬ್ಬರು ಇದನ್ನು ಕೇಳಿದರಲ್ಲ ಎಂಬಂತಿತ್ತು. "ಅಗ್ರಿಮೆಂಟು ಇನ್ನು ಐದು ವರ್ಷ ಮೇಡಂ. ಆಗಿನ ಕಾಲದ ರೇಟು ಅದು, ಒಳ್ಳೇ ರೇಟು. ಈಗ ಹೊಸಬ್ರು ಅದರ ಅರ್ಧ ರೇಟಿಗೆ ಕರೆಂಟು ಕೊಡ್ತಿದ್ದಾರೆ. ಐದು ವರ್ಷ ಆದ್ಮೇಲೆ ನಮಗೂ ಅದೇ ರೇಟು. ಮಿಷನ್ನೂ ಹಳೇದಾಯ್ತು, ರಿಪೇರಿ ಖರ್ಚು ಏರ್ತಾ ಇದೆ. ಲಾಭ ಅರ್ಧ ಉಳಿದ್ರೆ ಪುಣ್ಯ. ಎಲ್ಲಾ ಆನ್ಯುಯಲ್ ರಿಪೋರ್ಟಲ್ಲೇ ಬರೆದಿದ್ದೀವಿ. ಯಾರ್ ಓದ್ತಾರೆ ಹೇಳಿ?"

ವರದಿಯ ಪ್ರತಿ ಕೊಟ್ಟರು. ಮೆಟ್ಟಿಲಿಳಿದು ಬಸ್ಸಿಗೆ ಕಾಯುತ್ತಾ ನಿಂತೇ ಓದಿದೆ. ಅವರು ಹೇಳಿದ್ದೆಲ್ಲ ಅದರಲ್ಲಿತ್ತು, ಯಾವುದನ್ನೂ ಮುಚ್ಚಿಟ್ಟಿರಲಿಲ್ಲ. ಸಂತೆಯಂಥ ಜನ, ಆಟೋದವರ ಕೂಗು, ಸುಟ್ಟ ಕಬಾಬಿನ ಹೊಗೆ. ನನಗೆ ಅಲ್ಲೇ ಫುಟ್‌ಪಾತಿನ ಮೇಲೆ ಕೂತುಬಿಡೋಣ ಅನ್ನಿಸಿತು.

ಲೆಕ್ಕವನ್ನು ಹೊಸದಾಗಿ ಮಾಡಿದೆ. ಮೊದಲ ತಪ್ಪು ಲಾಭದಲ್ಲಿತ್ತು. ಒಂದೇ ಸಲ ಬಂದ ಹಳೆಯ ಬಡ್ಡಿಯನ್ನು ಪ್ರತಿ ವರ್ಷದ ಗಳಿಕೆ ಎಂದು ಹಿಡಿಯುವಂತಿಲ್ಲ. ಬಾಡಿಗೆದಾರ ಬಾಕಿ ಉಳಿಸಿಕೊಂಡಿದ್ದ ಬಾಡಿಗೆಯನ್ನೆಲ್ಲ ಒಂದೇ ತಿಂಗಳು ಕಟ್ಟಿದ ಮಾತ್ರಕ್ಕೆ ಆ ಮನೆಯ ಬಾಡಿಗೆ ಏರಿತು ಎನ್ನುತ್ತೇವೆಯೇ? ಹಾಗಾಗಿ ಮೂವತ್ತು ಹೋಗಿ ಹದಿನೆಂಟಾಯಿತು. ಎರಡನೇ ತಪ್ಪು ಎಷ್ಟು ಪಟ್ಟು ಎಂಬುದರಲ್ಲಿತ್ತು. ಪೇಟೆಯ ದೊಡ್ಡ ಕಂಪನಿಗಳಿಗೆ ಜನ ಇಪ್ಪತ್ತು ಪಟ್ಟು ಕೊಡುವುದು ಅವು ವರ್ಷ ವರ್ಷ ಹೊಸ ಸ್ಥಾವರ ಹಾಕಿ ಬೆಳೆಯುತ್ತವೆ ಎಂದು. ಇದು ಬೆಳೆಯುವುದಿಲ್ಲ. ಐದು ವರ್ಷ ಇಷ್ಟೇ ಇದ್ದು ಆಮೇಲೆ ಅರ್ಧಕ್ಕೆ ಇಳಿಯುತ್ತದೆ. ಬೇಕೆಂದ ದಿನ ಮಾರಲು ಪೇಟೆಯೂ ಇಲ್ಲ. ಮುಂದಿನ ವರ್ಷಗಳ ಲಾಭವನ್ನು ಇವತ್ತಿನ ಬೆಲೆಗೆ ಇಳಿಸಿ ಬೇರೆ ದಾರಿಯಿಂದಲೂ ಲೆಕ್ಕ ಹಾಕಿದೆ. ಹೇಗೆ ಎಳೆದಾಡಿದರೂ ಎಂಟು ಪಟ್ಟಿಗಿಂತ ಮೇಲೆ ಏರಲಿಲ್ಲ.

ಹದಿನೆಂಟು ಇಂಟು ಎಂಟು, ನೂರ ನಲವತ್ನಾಲ್ಕು. ಆರುನೂರರ ಜಾಗದಲ್ಲಿ ನೂರ ನಲವತ್ನಾಲ್ಕು! ಪಿ.ಇ. ಲೆಕ್ಕದಲ್ಲಿ ಇದೇ ಅಪಾಯ. ಎರಡು ಕಡೆ ತಪ್ಪಿದರೆ ಆ ತಪ್ಪುಗಳು ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. ತಂಗಿಯ ಪಾಲು ಎರಡು ಕೋಟಿ ನಲವತ್ತು ಲಕ್ಷದಿಂದ ಐವತ್ತೆಂಟು ಲಕ್ಷದ ಒಳಗೆ ಬಂದು ನಿಂತಿತು.

ಆಡಿಟರ್ ಹಾಳೆಯನ್ನು ಎರಡು ಸಲ ಓದಿದರು. ಅವರಿಗೆ ವಿಷಯ ತಕ್ಷಣ ಅರ್ಥವಾಯಿತು, ಅದೇ ತೊಂದರೆಯಾಯಿತು.

"ಅವರಪ್ಪನ ಕಾಲದಿಂದ ನಮ್ ಕ್ಲೈಂಟಮ್ಮ," ಎಂದರು. "ಅಣ್ಣ ತಂಗಿ ಮಾತಾಡ್ಕೊಂಡು ಬಂದಿದ್ದಾರೆ. ಇಬ್ರೂ ಒಪ್ಪಿದ್ರೆ ನಮಗೇನು ಕಷ್ಟ?"

"ಆಕೆ ಒಪ್ಪಿದ್ದು ನಾವು ಸಮ ಅಂತ ಬರಿತೀವಿ ಅಂತ ಸಾರ್. ನಾವು ಸಮ ಅಂತ ಬರಿಯೋದು ಅವರಿಬ್ರೂ ಒಪ್ಪಿದ್ದಾರೆ ಅಂತ. ಹಾಗಾದ್ರೆ ಲೆಕ್ಕ ನೋಡಿದೋರು ಯಾರು?"

"ಹಂಗಂತ ಈ ಸೀಸನ್ನಲ್ಲಿ ಜಗಳ ಹಾಕ್ಕೊಂಡು ಕೂರೋಕಾಗುತ್ತಾ?"

"ನಂಗೂ ಆಗಲ್ಲ. ಹಳೇ ರಿಪೋರ್ಟಿಗೆ ನೀವು ಸೈನ್ ಮಾಡೋದಾದ್ರೆ ಮಾಡಿ. ತಯಾರು ಮಾಡಿದೋರು ಅಂತ ಇರೋ ಕಡೆ ನನ್ನ ಹೆಸ್ರು ತೆಗೆದ್ಬಿಡಿ."

ಇಷ್ಟು ಧೈರ್ಯ ನನಗೆ ಎಲ್ಲಿಂದ ಬಂತೋ. ನಿಜ ಹೇಳಬೇಕೆಂದರೆ ಅದು ಧೈರ್ಯವೂ ಅಲ್ಲ, ಸುಸ್ತು. ಸುಳ್ಳನ್ನು ಸಂಭಾಳಿಸುವಷ್ಟು ಶಕ್ತಿ ಮೈಯಲ್ಲಿ ಉಳಿದಿರಲಿಲ್ಲ. ಆಡಿಟರ್ ಎರಡೂ ಲೆಕ್ಕದ ಹಾಳೆಗಳನ್ನು ಒಂದೇ ಫೈಲಿಗೆ ಸೇರಿಸಿದರು. ಆಮೇಲೆ ಫೋನು ತೆಗೆದು ಶನಿವಾರ ಇಬ್ಬರೂ ಬನ್ನಿ ಎಂದು ಅಣ್ಣನಿಗೆ ಹೇಳಿದರು. ಆ ಕಡೆಯಿಂದ ಬಂದ ದನಿ ನನ್ನ ಮೇಜಿನವರೆಗೆ ಕೇಳಿಸಿತು.

ಶನಿವಾರ ಅಣ್ಣ ಕುರ್ಚಿಯ ತುದಿಯಲ್ಲಿ ಕೂತರು. ತಂಗಿ ಗೋಡೆ ಪಕ್ಕದ ಸ್ಟೂಲಿನ ಮೇಲೆ. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಬಡ್ಡಿ, ಹದಿನೆಂಟು, ಐದು ವರ್ಷದ ಕರಾರು, ಎಂಟು ಪಟ್ಟು. ಅಣ್ಣನ ಮುಖ ಕೆಂಪಾಗುತ್ತಾ ಹೋಯಿತು.

"ಅವತ್ತು ಇಪ್ಪತ್ತು ಅಂದ್ರಿ, ಇವತ್ತು ಎಂಟು ಅಂತೀರ. ಇದೇನು ಟೊಮ್ಯಾಟೊ ರೇಟಾ ಮೇಡಂ?"

"ಅವತ್ತು ನಾಲ್ಕು ಹಾಳೆ ನೋಡಿ ಹೇಳಿದ್ದು ಸಾರ್. ಇವತ್ತು ಪೂರ್ತಿ ಓದಿ ಹೇಳ್ತಿದ್ದೀನಿ."

"ಹಂಗಾದ್ರೆ ನಮ್ಮಪ್ಪ ದಡ್ಡ ಅಂತನಾ?"

"ಅಲ್ಲ ಸಾರ್. ಇಷ್ಟು ವರ್ಷ ಬಂದಿರೋ ಡಿವಿಡೆಂಡಲ್ಲೇ ಅವರು ಹಾಕಿದ ದುಡ್ಡು ವಾಪಸ್ ಬಂದಾಗಿದೆ. ಅವರು ತಗೊಂಡಿದ್ದು ಸರಿಯಾಗೇ ಇತ್ತು. ನಾವೀಗ ಮಾಡ್ತಿರೋ ಲೆಕ್ಕ ಮುಂದಿನದು."

ಅವರು ಸ್ವಲ್ಪ ತಣ್ಣಗಾದರು, ಆದರೆ ಪಟ್ಟು ಬಿಡಲಿಲ್ಲ. ಕರೆಂಟಿಲ್ಲದೆ ಯಾರು ಬದುಕುತ್ತಾರೆ, ಕರೆಂಟಿನ ದರ ಯಾವತ್ತಾದರೂ ಇಳಿದದ್ದು ಉಂಟಾ ಎಂದರು. ಮನೆಗೆ ಬರುವ ಬಿಲ್ಲಿನ ದರ ಬೇರೆ, ಗಾಳಿಯಂತ್ರದವರಿಗೆ ಸಿಗುವ ದರ ಬೇರೆ ಎಂದು ಬಿಡಿಸಿ ಹೇಳಿದೆ. ಇದೆಲ್ಲ ಪುಸ್ತಕದ ಮಾತು ಎಂದರು. ನಮ್ಮ ಆಡಿಟರ್, ಇಬ್ಬರನ್ನೂ ಸಮಾಧಾನ ಮಾಡುವ ಹಳೆಯ ಅಭ್ಯಾಸದಿಂದ, ಗಂಟಲು ಸರಿಮಾಡಿಕೊಂಡು, "ಇಪ್ಪತ್ತೂ ಬೇಡ, ಎಂಟೂ ಬೇಡ. ಹದಿನಾಲ್ಕು ಹಾಕೋಣ್ವಾ?" ಎಂದರು. ನನಗೆ ನಗು ಬಂತು. ಅಳುವೂ ಬಂತು. ಚೌಕಾಸಿ ಮಾಡಿ ಪಿ.ಇ. ಗೊತ್ತು ಮಾಡಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಅಣ್ಣ ಎದ್ದು ನಿಂತರು. "ರಿಪೋರ್ಟೇ ಬೇಡ ಬಿಡಿ ಸಾರ್. ಮನೆ ವಿಷ್ಯ, ಮನೇಲೇ ಮುಗಿಸ್ಕೋತೀವಿ. ನನ್ ಲೆಕ್ಕದಲ್ಲಿ ಎರಡೂ ಒಂದೇ. ದೇವ್ರಾಣೆ ಹೇಳ್ತೀನಿ, ಅವಳಿಗೆ ಮೋಸ ಮಾಡೋ ಮನ್ಸು ನಂಗಿಲ್ಲ. ಎರಡೂ ಸಮ."

ತಂಗಿ ತಲೆ ತಗ್ಗಿಸಿ ಸೆರಗಿನ ಅಂಚು ಸರಿಮಾಡಿಕೊಳ್ಳುತ್ತಿದ್ದರು. ಇನ್ನೊಂದು ನಿಮಿಷ ಕಳೆದರೆ ಆಕೆಯೂ ಎದ್ದು ಅಣ್ಣನ ಹಿಂದೆ ಇಳಿದುಹೋಗುತ್ತಾರೆ ಎಂದು ನನಗೆ ಖಾತ್ರಿಯಾಯಿತು. ದೀಪಾವಳಿ ಮುಗಿದ ಮೇಲೆ ಎಲ್ಲೋ ಒಂದು ಬಾಡಿಗೆ ಮನೆ, ಐದು ವರ್ಷದ ನಂತರ ಅದರ ಬಾಡಿಗೆ ಕಟ್ಟಲೂ ಪರದಾಟ. ಹದಿನೆಂಟು ಇಂಟು ಎಂಟು ಎಂದು ಮತ್ತೆ ಶುರುಮಾಡಲು ನನ್ನಲ್ಲಿ ಉಸಿರಿರಲಿಲ್ಲ. ಆಗ ಬಾಯಿಗೆ ಬಂದದ್ದು ನಮ್ಮ ಕಡೆಯ ಹೊಲ ಹಂಚುವ ಪದ್ಧತಿ.

"ಸಾರ್, ಒಂದ್ನಿಮಿಷ ಕೂತ್ಕೊಳ್ಳಿ. ನಮ್ಮ ಊರ ಕಡೆ ಅಣ್ಣ ತಮ್ಮಂದಿರು ಹೊಲ ಹಂಚ್ಕೊಳ್ಳುವಾಗ ದೊಡ್ಡವರು ಬದು ಹಾಕ್ತಾರೆ, ಚಿಕ್ಕವರು ಮೊದ್ಲು ಆರಿಸ್ಕೋತಾರೆ. ನಿಮ್ಮಲ್ಲಿ ಹೇಗೆ?"

"ನಮ್ಮಲ್ಲೂ ಅದೇ," ಎಂದರು ಅವರು. "ನಮ್ಮಪ್ಪ, ದೊಡ್ಡಪ್ಪ ಹಂಚ್ಕೊಂಡಿದ್ದೂ ಹಂಗೇ. ದೊಡ್ಡಪ್ಪ ಭಾಗ ಮಾಡಿದ್ರು, ನಮ್ಮಪ್ಪ ಆರಿಸ್ಕೊಂಡ್ರು."

"ಈಗ ಭಾಗ ಮಾಡಿದೋರು ಯಾರು?"

"ನಾನೇ."

"ಎರಡೂ ಸಮ ಅಂತೀರಿ. ಹಾಗಿದ್ರೆ ನನ್ನ ರಿಪೋರ್ಟು ಹರಿದು ಹಾಕ್ತೀನಿ. ಅವರು ಆರಿಸ್ಕೊಳ್ಳಲಿ."

"ಅದು ಗಂಡು ಮಕ್ಕಳಿಗೆ ಮೇಡಂ. ಹೆಣ್ಮಕ್ಕಳು ಆರಿಸೋದು ಎಲ್ಲಿದೆ?"

ಈ ಸಲ ಮಾತಾಡಿದ್ದು ಆಡಿಟರ್. ಹದಿನಾಲ್ಕು ಎಂದದ್ದಕ್ಕೆ ನಾಚಿಕೆಯಾಗಿತ್ತೋ ಏನೋ. "ಪಾಲು ಇದೆ ಅಂದ್ಮೇಲೆ ಆರಿಸೋದೂ ಇರುತ್ತಪ್ಪ. ನಿನಗೆ ಎರಡೂ ಒಂದೇ ಅಲ್ವಾ? ಮತ್ತೆ ಭಯ ಯಾಕೆ?"

ಅಣ್ಣ ಕೂತರು. ಕೂತ ಮೇಲೆ ಅವರ ಕಣ್ಣು ನನ್ನ ಮೇಜಿನ ಮೇಲಿದ್ದ ಹಾಳೆಗೆ ಹೋಯಿತು. ನೂರ ನಲವತ್ನಾಲ್ಕು ಎಂಬ ಸಂಖ್ಯೆಯನ್ನು ಅವರು ಮೊದಲ ಸಲ ತಮ್ಮದಾಗಬಹುದಾದ ಸಂಖ್ಯೆಯಾಗಿ ನೋಡಿದರು. ಹಣೆ ಒರೆಸಿಕೊಂಡರು. ಅಷ್ಟು ಹೊತ್ತು ನಾನು ಎಷ್ಟು ವಿವರಿಸಿದರೂ ತಲೆಗೆ ಹೋಗದ ಐದು ವರ್ಷದ ಕರಾರು ಆ ಒಂದು ಗಳಿಗೆಯಲ್ಲಿ ಅವರಿಗೆ ಪೂರ್ತಿ ಅರ್ಥವಾದದ್ದು ಮುಖದಲ್ಲೇ ಕಾಣಿಸಿತು. ನನಗೆ ಗೆದ್ದ ಖುಷಿ ಆಗಲಿಲ್ಲ. ಆ ಮನುಷ್ಯನ ಮೇಲೆ ಕನಿಕರ ಹುಟ್ಟಿತು.

"ಹೇಳಮ್ಮ," ಎಂದರು ಆಡಿಟರ್ ತಂಗಿಯ ಕಡೆ ತಿರುಗಿ. "ಯಾವ್ದು ಬೇಕು?"

ಆಕೆ ಕಟ್ಟಡ ಎನ್ನುತ್ತಾರೆ ಎಂದು ನಾನು ಕಾದೆ. ಆಡಿಟರ್ ಕಾದರು. ಅಣ್ಣ ನೆಲ ನೋಡುತ್ತಾ ಕಾದರು. ಕೆಳಗೆ ಮಿಷನ್ ಯಾವುದೋ ಪಾತ್ರೆಯ ಮೇಲೆ ಯಾರದೋ ಹೆಸರು ಕೊರೆಯುತ್ತಿತ್ತು.

"ಬಿಲ್ಡಿಂಗ್ ತಗೊಂಡ್ರೆ ಅವನು ಹಾಳಾಗ್ತಾನೆ," ಎಂದರು ಆಕೆ ನನ್ನನ್ನು ನೋಡಿ. "ಷೇರು ತಗೊಂಡ್ರೆ ನಾನು ಹಾಳಾಗ್ತೀನಿ. ಹಂಗೇ ತಾನೇ ಮೇಡಂ ನೀವು ಹೇಳಿದ್ದು?"

"ಹಾಗೇ."

"ಹಂಗಿದ್ರೆ ಬಿಲ್ಡಿಂಗೂ ಅರ್ಧ, ಷೇರೂ ಅರ್ಧ."

ಎರಡನ್ನೂ ಅರ್ಧ ಮಾಡುವುದಾದರೆ ಯಾವುದರ ಬೆಲೆಯೂ ಯಾರಿಗೂ ಬೇಕಿಲ್ಲ. ಇಪ್ಪತ್ತಾದರೂ ಎಂಟಾದರೂ ಇಬ್ಬರಿಗೂ ಅಷ್ಟೇ. ಅಷ್ಟು ಓಡಾಟ, ನಾಲ್ಕು ಮಹಡಿಯ ಮೆಟ್ಟಿಲು ಎರಡು ಸಲ, ಕುತ್ತಿಗೆಯ ನೋವು, ಎಲ್ಲ ಒಂದು ಬೇಕಿಲ್ಲದ ಸಂಖ್ಯೆಗಾಗಿ. ಆದರೆ ಆ ಸಂಖ್ಯೆ ಇಲ್ಲದೆ ಹೋಗಿದ್ದರೆ ಆಕೆ ಸುಮ್ಮನೆ ಸಹಿ ಹಾಕಿ ಹೋಗುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು, ಹಾಳೆ ಜೋಡಿಸುವ ನೆಪ ಮಾಡಿದೆ.

"ಪಿ.ಜಿ. ಕಟ್ಟೋದು?" ಎಂದರು ಅಣ್ಣ. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

"ಇಬ್ರೂ ಒಪ್ಪಿದಾಗ ಕಟ್ಟೋಣ ಅಣ್ಣ. ಇವಾಗ ನಂಗೆ ಒಪ್ಪಿಗೆ ಇಲ್ಲ."

ಆಕೆ ಅಣ್ಣನ ಎದುರು 'ಇಲ್ಲ' ಎಂದದ್ದು ಅದೇ ಮೊದಲ ಸಲ ಇರಬೇಕು. ಅಣ್ಣ ತಲೆಯೆತ್ತಿ ತಂಗಿಯನ್ನು ನೋಡಿದರು.

"ಮತ್ತೆ ತಿಂಗ್ಳಾ ತಿಂಗ್ಳಾ ಬಾಡಿಗೆ ಯಾರು ಎತ್ತೋದು?"

"ನಾನೇ ಎತ್ತಿ ನಿನ್ನರ್ಧ ಕಳಿಸ್ತೀನಿ," ಎಂದರು ಆಕೆ ಎದ್ದು ನಿಲ್ಲುತ್ತಾ. "ನಾನಿರೋದು ಅಲ್ಲೇ ಅಲ್ವಾ."